ಕಾಡಿನ ಕಾವಲಿಗೆ ನಿಂತ ಸರ್ಜನ್

ಮದ್ರಾಸಿನ ರಾಯಪುರಂ ನಿಲ್ದಾಣದಿಂದ 1856ರ ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿತು. ಆ ವರ್ಷ ಮುಗಿಯುವುದರೊಳಗೆ ಮದ್ರಾಸ್ ಸರ್ಕಾರ ತನ್ನ ಸೀಮೆಯ ಕಾಡು ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಿತು. ಈ ಎರಡು ಸಂಗತಿಗಳಿಗೂ ನಂಟಿದೆ. ಹಳಿಯ ಕೆಳಗೆ ಹಾಸಲು ಮರ ಬೇಕಿತ್ತು, ಎಂಜಿನ್ನಿಗೆ ಸೌದೆ ಬೇಕಿತ್ತು, ಬೊಂಬಾಯಿಯ ಹಡಗುಕಟ್ಟೆಗೆ ತೇಗ ಬೇಕಿತ್ತು. ಎಷ್ಟು ಕಾಡು ಉಳಿದಿದೆ, ಇನ್ನೆಷ್ಟು ಕಾಲ ಬಂದೀತು ಎಂಬ ಲೆಕ್ಕ ಮಾತ್ರ ಸರ್ಕಾರದ ಬಳಿ ಸರಿಯಾಗಿ ಇರಲಿಲ್ಲ. ಆ ಲೆಕ್ಕ ಹಿಡಿಯಲು ಸೈನ್ಯದ ಎಂಜಿನಿಯರನನ್ನೋ ಕಂದಾಯದ ಅಧಿಕಾರಿಯನ್ನೋ ಕಳಿಸಬಹುದಿತ್ತು. ಗವರ್ನರ್ ಲಾರ್ಡ್ ಹ್ಯಾರಿಸ್ ಆರಿಸಿಕೊಂಡದ್ದು ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಸರ್ಜನ್‌ನನ್ನು. ಹೆಸರು ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್. ವಯಸ್ಸು 36.

ಕನ್ನಡ ಓದುಗರಿಗೆ ಫ್ರಾನ್ಸಿಸ್ ಬುಕನಾನ್ ಗೊತ್ತು. ಟಿಪ್ಪು ಬಿದ್ದ ಮರುವರ್ಷ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಮೂರು ಸಂಪುಟ ಬರೆದವನು, ಅವನೂ ವೈದ್ಯನೇ. ಕ್ಲೆಗ್‌ಹಾರ್ನನ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಮಲೆನಾಡಿನ ಇವತ್ತಿನ ಬದುಕನ್ನು ಮುಟ್ಟಿರುವುದು ಬುಕನಾನನಿಗಿಂತ ಇವನೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಬುಕನಾನ್ ನೋಡಿದ್ದನ್ನು ಬರೆದು ಹೋದ. ಕ್ಲೆಗ್‌ಹಾರ್ನ್ ನೋಡಿದ್ದು ಸರ್ಕಾರದ ನಿಯಮಕ್ಕೆ ದಾರಿಯಾಯಿತು. ಆ ಬಗೆಯ ನಿಯಮಗಳ ಮೊಮ್ಮಕ್ಕಳ ಜೊತೆ ಸಾಗರ, ಶಿರಸಿ, ಜೋಯಿಡಾದ ಜನ ಈಗಲೂ ಏಗುತ್ತಿದ್ದಾರೆ.

ಕಾಡಿನ ಕೆಲಸಕ್ಕೆ ವೈದ್ಯ ಯಾಕೆ? ಉತ್ತರ ಆ ಕಾಲದ ವೈದ್ಯ ಶಿಕ್ಷಣದಲ್ಲಿದೆ. ಔಷಧಿಗಳೆಲ್ಲ ಬಹುಪಾಲು ಗಿಡಮರಗಳಿಂದಲೇ ಬರುತ್ತಿದ್ದ ಕಾಲವದು. ಎಡಿನ್‌ಬರೋದಂಥ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರವನ್ನು ವೈದ್ಯರಾಗುವವರಿಗೇ ಕಲಿಸುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಗೆ ಸೇರಿ ಹಡಗು ಹತ್ತಿದ ತರುಣ ಸರ್ಜನ್‌ಗಳಿಗೆ ಗಾಯ ಹೊಲಿಯುವುದು ಎಷ್ಟು ಗೊತ್ತಿತ್ತೋ ಹೂವಿನ ಎಸಳು ಬಿಡಿಸಿ ಕುಲ ಗುರುತಿಸುವುದೂ ಅಷ್ಟೇ ಗೊತ್ತಿರುತ್ತಿತ್ತು. ಕಲ್ಕತ್ತೆಯ ಸಸ್ಯೋದ್ಯಾನ ಬೆಳೆಸಿದ ವಿಲಿಯಂ ರಾಕ್ಸ್‌ಬರ್ಗ್, ಟಿಪ್ಪುವಿನ ನಂತರ ಲಾಲ್‌ಬಾಗ್ ನೋಡಿಕೊಂಡ ಬೆಂಜಮಿನ್ ಹೇಯ್ನ್, ದಕ್ಷಿಣದ ಸಸ್ಯಗಳ ಚಿತ್ರಸಂಪುಟಗಳನ್ನು ತಂದ ರಾಬರ್ಟ್ ವೈಟ್, 1847ರಲ್ಲೇ ಬೊಂಬಾಯಿ ಸೀಮೆಯ ಕಾಡಿನ ಹೊಣೆ ಹೊತ್ತ ಅಲೆಕ್ಸಾಂಡರ್ ಗಿಬ್ಸನ್, ಎಲ್ಲರೂ ಸರ್ಜನ್‌ಗಳು. ಅದಕ್ಕಿಂತ ಆಳದ ಕಾರಣ ಇನ್ನೊಂದಿದೆ. ಜ್ವರ ಬರುವುದು ಗಾಳಿ ಕೆಟ್ಟದ್ದರಿಂದ ಎಂದು ನಂಬಿದ್ದ ವೈದ್ಯರಿಗೆ ಮಳೆ, ತೇವ, ಮರ, ಜೌಗು ಇವೆಲ್ಲ ವೈದ್ಯಕೀಯದ ವಿಷಯಗಳೇ ಆಗಿದ್ದವು. ಮರ ಕಡಿದರೆ ಮಳೆ ಕಡಿಮೆಯಾಗುತ್ತದೆಯೇ, ಬರ ಬಂದರೆ ರೋಗ ಬರುತ್ತದೆಯೇ ಎಂದು 1840ರ ದಶಕದಲ್ಲಿ ಕೇಳುತ್ತಿದ್ದವರಲ್ಲಿ ವೈದ್ಯರು ಮುಂದಿದ್ದರು. ಮದ್ರಾಸಿನ ಎಡ್ವರ್ಡ್ ಬಾಲ್ಫೋರ್ ಎಂಬ ಸರ್ಜನ್ ಮರಕ್ಕೂ ಮಳೆಗೂ ಇರುವ ಸಂಬಂಧದ ಮೇಲೆ 1849ರಲ್ಲೇ ಬರೆದಿದ್ದ.

ಕ್ಲೆಗ್‌ಹಾರ್ನ್ ಹುಟ್ಟಿದ್ದು ಮದ್ರಾಸಿನಲ್ಲೇ, 1820ರ ಆಗಸ್ಟ್ 9ರಂದು. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿ. ನಾಲ್ಕರ ಆಸುಪಾಸಿನಲ್ಲಿ ಮಗುವನ್ನು ಸ್ಕಾಟ್‌ಲೆಂಡಿಗೆ, ಸೇಂಟ್ ಆಂಡ್ರೂಸ್ ಬಳಿಯ ಸ್ಟ್ರಾವಿಥಿ ಎಂಬ ಎಸ್ಟೇಟಿಗೆ ಕಳಿಸಿದರು. ಅಲ್ಲಿ ಬೆಳೆಸಿದ್ದು ಅಜ್ಜ, ಅವನ ಹೆಸರೂ ಹ್ಯೂ ಕ್ಲೆಗ್‌ಹಾರ್ನ್. ಈ ಅಜ್ಜನದೇ ಒಂದು ಕಾದಂಬರಿಯಾಗುವಷ್ಟು ಕಥೆ. ಸೇಂಟ್ ಆಂಡ್ರೂಸಿನಲ್ಲಿ ಚರಿತ್ರೆಯ ಪ್ರಾಧ್ಯಾಪಕನಾಗಿದ್ದವನು 1795ರಲ್ಲಿ ಬ್ರಿಟಿಷರ ಪರವಾಗಿ ಗುಟ್ಟಾಗಿ ಓಡಾಡಿ, ಸಿಲೋನಿನಲ್ಲಿ ಡಚ್ಚರ ಸಂಬಳಕ್ಕಿದ್ದ ಸ್ವಿಸ್ ಪಡೆಯೊಂದು ಪಕ್ಷ ಬದಲಿಸುವಂತೆ ಅದರ ಒಡೆಯ ಕೌಂಟ್ ದ ಮ್ಯೂರನ್‌ನನ್ನು ಒಪ್ಪಿಸಿದ. ಮರುವರ್ಷ ಕೊಲಂಬೊ ಬ್ರಿಟಿಷರ ಕೈಗೆ ಬಂತು. ಕೋಟೆಯೊಳಗಿನವರಿಗೆ ಚೀಟಿಯನ್ನು ಗಿಣ್ಣಿನ ಗಡ್ಡೆಯೊಳಗೆ ಅಡಗಿಸಿ ಕಳಿಸಿದನೆಂದು ಹೇಳುವ ಕಥೆಯೂ ಇದೆ. ಆ ಅಜ್ಜನ ಎಸ್ಟೇಟಿನಲ್ಲಿ ಮೊಮ್ಮಗ ಹೊಲ, ಮರ, ತೋಟಗಳ ನಡುವೆ ಬೆಳೆದ.

ಎಡಿನ್‌ಬರೋದಲ್ಲಿ ವೈದ್ಯ ಓದುತ್ತ ಅವನು ಶಿಷ್ಯನಾಗಿ ಸೇರಿದ್ದು ಜೇಮ್ಸ್ ಸೈಮ್ ಎಂಬ ಸರ್ಜನ್ ಬಳಿ. ಆ ಕಾಲದ ಬ್ರಿಟನ್ನಿನ ದೊಡ್ಡ ಶಸ್ತ್ರವೈದ್ಯರಲ್ಲಿ ಒಬ್ಬ ಸೈಮ್. ಮುಂದೆ ಶಸ್ತ್ರಚಿಕಿತ್ಸೆಗೆ ನಂಜುನಿರೋಧಕ ವಿಧಾನ ತಂದ ಜೋಸೆಫ್ ಲಿಸ್ಟರ್ ಅವನ ಅಳಿಯ. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಎಲ್ಲರೆದುರು ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದ್ದು 1846ರಲ್ಲಿ. ಅದಕ್ಕೂ ಮುಂಚಿನ ವರ್ಷಗಳಲ್ಲಿ ರೋಗಿ ಎಚ್ಚರವಾಗಿದ್ದು ಚೀರುತ್ತಿರುವಾಗಲೇ ಕಾಲು ತೆಗೆಯಬೇಕು. ಎಲ್ಲಿ ಕೊಯ್ಯಬೇಕು, ಎಷ್ಟು ಉಳಿಸಬೇಕು ಎಂಬುದನ್ನು ಕತ್ತಿ ಎತ್ತುವ ಮೊದಲೇ ತೀರ್ಮಾನಿಸಿರಬೇಕು. ಇಂಥ ಶಾಲೆಯಲ್ಲಿ ಪಳಗಿ 1841ರಲ್ಲಿ ಎಂ.ಡಿ. ಪಡೆದ ಕ್ಲೆಗ್‌ಹಾರ್ನ್ ಮರುವರ್ಷ ಸಹಾಯಕ ಸರ್ಜನ್ ಆಗಿ ಹುಟ್ಟಿದೂರಿಗೇ ಮರಳಿದ. ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ ಕೆಲವು ಕಾಲ ಕೆಲಸ ಮಾಡಿ, ಆಮೇಲೆ ಮೈಸೂರು ಸೀಮೆಗೆ ಬಂದ.

1831ರಿಂದ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ನಗರ ಸೀಮೆಯ ರೈತರು ದಂಗೆ ಎದ್ದದ್ದನ್ನು ನೆಪ ಮಾಡಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡಿದ್ದರು. 1834ರಿಂದ ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್. ದಂಗೆಯ ನೆಲವಾದ ನಗರ ವಿಭಾಗಕ್ಕೆ ಶಿವಮೊಗ್ಗೆಯೇ ಕೇಂದ್ರ. 1845ರ ಹೊತ್ತಿಗೆ ಕ್ಲೆಗ್‌ಹಾರ್ನ್ ಅಲ್ಲಿಗೆ ಸರ್ಜನ್ ಆಗಿ ಬಂದ. ಆಗಿನ ಶಿವಮೊಗ್ಗೆ ಎಂದರೆ ಪೂರ್ವಕ್ಕೆ ಬಯಲು, ಪಶ್ಚಿಮಕ್ಕೆ ನಡೆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ದಟ್ಟ ಮಲೆ. ಮಳೆಗಾಲದಲ್ಲಿ ಹೊಳೆ ದಾಟುವುದೇ ಕಷ್ಟ. ಜ್ವರಕ್ಕೆ ಹೆದರಿ ಘಟ್ಟದ ಕಡೆ ಕಾಲಿಡಲು ಹಿಂಜರಿಯುತ್ತಿದ್ದ ಅಧಿಕಾರಿಗಳೇ ಹೆಚ್ಚು.

ಅಲ್ಲಿ ಅವನು ಒಂದು ಶಿಸ್ತು ಹಿಡಿದ. ದಿನಕ್ಕೆ ಒಂದು ಗಿಡ, ಕಾಲು ಗಂಟೆಯಾದರೂ ಸರಿ, ಗಮನವಿಟ್ಟು ಅಭ್ಯಾಸ ಮಾಡು ಎಂದು ಹಿರಿಯ ಸಸ್ಯವಿಜ್ಞಾನಿಯೊಬ್ಬರು ಕೊಟ್ಟಿದ್ದ ಸಲಹೆ ಅದು. ಆಸ್ಪತ್ರೆ, ದೂರದ ಠಾಣ್ಯಗಳ ಓಡಾಟ ಇಷ್ಟರ ನಡುವೆ ಆ ಕಾಲು ಗಂಟೆ ಹೊಂದಿಸಿಕೊಂಡ. ಒಬ್ಬ ಮರಾಠಿ ಚಿತ್ರಕಾರನನ್ನು ಸಂಬಳಕ್ಕಿಟ್ಟುಕೊಂಡ. ಆ ಚಿತ್ರಕಾರನ ಹೆಸರು ಉಳಿದುಬಂದಿಲ್ಲ. ಕೊಯ್ದ ಗಿಡ ಬಾಡುವ ಮೊದಲೇ ಎಲೆ, ಹೂ, ಕಾಯಿಗಳನ್ನು ಜಲವರ್ಣದಲ್ಲಿ ಹಿಡಿಯಬೇಕಾದ ಕೆಲಸ. ಎಲೆಯ ಹಿಂಬದಿಯ ನರ, ಕೇಸರದ ಎಣಿಕೆ, ಬೀಜದ ಅಡ್ಡಕೊಯ್ತ ಒಂದೂ ತಪ್ಪುವಂತಿಲ್ಲ. ದಿನಕ್ಕೊಂದರಂತೆ ಶಿವಮೊಗ್ಗೆಯಲ್ಲೇ ನೂರಾರು ಚಿತ್ರಗಳಾದವು. ಮುಂದೆ ಮದ್ರಾಸಿನಲ್ಲಿ ರಾಬರ್ಟ್ ವೈಟ್ ಬಳಿ ಪಳಗಿದ್ದ ಗೋವಿಂದು ಎಂಬ ನುರಿತ ಚಿತ್ರಕಾರ ಕ್ಲೆಗ್‌ಹಾರ್ನನಿಗೆ ಚಿತ್ರ ಬರೆದುಕೊಟ್ಟ. ಅವನ ಹೆಸರಾದರೂ ಉಳಿದಿದೆ. ಸಸ್ಯಲೋಕದಲ್ಲಿ ಕ್ಲೆಗ್‌ಹಾರ್ನನ ಹೆಸರು ಉಳಿಸಿದವನೂ ವೈಟ್‌ನೇ: ಕಣಗಿಲೆಯ ಕುಟುಂಬಕ್ಕೆ ಸೇರಿದ ಒಂದು ಕುಲಕ್ಕೆ 1848ರಲ್ಲಿ ಕ್ಲೆಗ್‌ಹಾರ್ನಿಯ ಎಂದು ಹೆಸರಿಟ್ಟ.

ಗಿಡ ಹುಡುಕುತ್ತ ಮಲೆಯೊಳಗೆ ಹೊಕ್ಕಾಗಲೇ ಅವನ ಕಣ್ಣಿಗೆ ಬಿದ್ದದ್ದು ಕುಮರಿ. ಮಲೆನಾಡಿಗೆ ಹೊಸಬರಾದ ಓದುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಳಿಗಾಲದ ಕೊನೆಗೆ ಬೆಟ್ಟದ ಇಳುಕಲಿನಲ್ಲಿ ಒಂದು ತುಂಡು ಕಾಡು ಆರಿಸಿಕೊಳ್ಳುತ್ತಾರೆ. ಪೊದೆ, ಬಳ್ಳಿ, ಸಣ್ಣ ಮರಗಳನ್ನು ಕತ್ತಿ ಕೊಡಲಿಗಳಿಂದ ಸವರಿ, ದೊಡ್ಡ ಮರಗಳ ಕೊಂಬೆ ತರಿದು ಅಲ್ಲೇ ಒಣಗಲು ಬಿಡುತ್ತಾರೆ. ಬೇಸಿಗೆ ಏರಿದ ಮೇಲೆ ಬೆಂಕಿ. ಬೂದಿ ಬಿದ್ದ ಬಿಸಿ ನೆಲಕ್ಕೆ ಮೊದಲ ಮಳೆ ಬಿದ್ದೊಡನೆ ರಾಗಿ, ಹರಳು, ತೊಗರಿ ಬೀಜ ಚೆಲ್ಲುತ್ತಾರೆ. ನೇಗಿಲು ಬೇಡ, ಎತ್ತು ಬೇಡ, ಗೊಬ್ಬರ ಬೇಡ. ಕಾಡುಹಂದಿ, ಕಡವೆ ಬಾರದಂತೆ ಮಾಳ ಕಟ್ಟಿಕೊಂಡು ರಾತ್ರಿಯಿಡೀ ಕೂಗು ಹಾಕುತ್ತ ಕಾಯುತ್ತಾರೆ. ಮೊದಲ ವರ್ಷ ಒಳ್ಳೆಯ ಫಸಲು, ಎರಡನೆಯ ವರ್ಷ ಅದರಲ್ಲಿ ಸ್ವಲ್ಪ. ಆಮೇಲೆ ಆ ತಾಣ ಬಿಟ್ಟು ಬೇರೆ ಕಡೆ ಹೋಗುತ್ತಾರೆ. ಹಳೆಯ ತಾಣಕ್ಕೆ ಮತ್ತೆ ಬರುವುದು ಕಾಡು ಬೆಳೆದ ಮೇಲೆ, ಹತ್ತೋ ಹನ್ನೆರಡೋ ವರ್ಷಕ್ಕೆ. ಘಟ್ಟದ ಉದ್ದಕ್ಕೂ ಮಲೆಕುಡಿಯರು, ಕುಣಬಿಗಳು, ಮರಾಟಿಗಳು ಹೀಗೆ ಬದುಕುತ್ತಿದ್ದರು.

ಸುಟ್ಟು ಕಪ್ಪಾದ ಇಳುಕಲುಗಳನ್ನೂ ಬೂದಿಯ ನಡುವೆ ಬಿದ್ದ ತೇಗವನ್ನೂ ಕಂಡ ಸರ್ಜನ್‌ಗೆ ಅದು ಕಾಡಿಗೆ ಹತ್ತಿದ ರೋಗವಾಗಿ ತೋರಿತು. ಬೆಲೆಬಾಳುವ ಮರ ಹಾಳಾಗುತ್ತಿದೆ, ತೊರೆಗಳು ಬತ್ತುತ್ತವೆ, ಮಳೆಗೂ ಇದು ಕುತ್ತು ಎಂದು ಅವನು ಮೇಲಿನವರಿಗೆ ಬರೆದ. ಅವನು ಕಂಡದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ದೊಡ್ಡ ಮರಗಳ ಕಾಡನ್ನು ಮೇಲಿಂದ ಮೇಲೆ ಸುಟ್ಟರೆ ಅದು ಹಿಂದಿನಂತೆ ಬೆಳೆಯುವುದಿಲ್ಲ, ಮುಳ್ಳು ಪೊದೆಯೂ ಬಿದಿರೂ ಬಂದು ಕೂರುತ್ತವೆ. ಘಟ್ಟದ ತೊರೆಗಳ ತಲೆಯಲ್ಲಿರುವ ಕಾಡಿಗೂ ಬೇಸಿಗೆಯ ನೀರಿಗೂ ಇರುವ ಸಂಬಂಧ ಮಲೆನಾಡಿನ ಯಾವ ಅಡಿಕೆ ಬೆಳೆಗಾರನನ್ನು ಕೇಳಿದರೂ ಹೇಳುತ್ತಾನೆ. ಆದರೆ ಕುಮರಿ ಮಾಡಿಕೊಂಡು ಬಂದವರ ಲೆಕ್ಕ ಬೇರೆ ಇತ್ತು. ಬಿಟ್ಟ ತಾಣಕ್ಕೆ ಕಾಡು ಮರಳಲು ಕಾಲ ಕೊಡುತ್ತಿದ್ದರು. ಜನ ಕಡಿಮೆ, ಬೆಟ್ಟ ಬೇಕಾದಷ್ಟು ಇದ್ದಾಗ ಆ ಚಕ್ರ ತಾಳಿಕೊಂಡು ಬಂದಿತ್ತು. ಗದ್ದೆಯಿಲ್ಲದವನಿಗೆ, ಎತ್ತು ಕೊಳ್ಳಲಾಗದವನಿಗೆ ಹೊಟ್ಟೆಗೆ ಸಿಗುತ್ತಿದ್ದ ರಾಗಿ ಅದೊಂದೇ. ಕೆಲವೇ ವರ್ಷ ಅಲ್ಲಿದ್ದು ಹೋದ ಅಧಿಕಾರಿಗೆ ಬೆಂಕಿ ಹಚ್ಚುವ ವರ್ಷ ಕಾಣುತ್ತದೆ. ಹಸಿರು ಮರಳುವ ಹನ್ನೆರಡನೆಯ ವರ್ಷ ಕಾಣುವುದಿಲ್ಲ.

ಮಲೆನಾಡು ಅವನನ್ನೂ ಸುಮ್ಮನೆ ಬಿಡಲಿಲ್ಲ. ಜ್ವರದಿಂದ ಕುಗ್ಗಿ 1848ರಲ್ಲಿ ರಜೆಯ ಮೇಲೆ ಬ್ರಿಟನ್ನಿಗೆ ಹೋದ. ಅವನ ಬದುಕಿಗೆ ತಿರುವು ಸಿಕ್ಕಿದ್ದು ಆ ರಜೆಯಲ್ಲಿ. 1850ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನಿಗಳ ಸಂಸ್ಥೆ ಎಡಿನ್‌ಬರೋದಲ್ಲಿ ಸೇರಿದಾಗ, ಉಷ್ಣವಲಯದ ಕಾಡು ನಾಶವಾದರೆ ಆರ್ಥಿಕವಾಗಿ, ಭೌತಿಕವಾಗಿ ಏನಾಗುತ್ತದೆ ಎಂದು ವರದಿ ಮಾಡಲು ಒಂದು ಸಮಿತಿ ಮಾಡಿತು. ಶಿವಮೊಗ್ಗೆಯಿಂದ ಬಂದ ಸರ್ಜನ್ ಆ ಸಮಿತಿಯಲ್ಲಿದ್ದ. ಜೊತೆಗೆ ಜಾನ್ ಫೋರ್ಬ್ಸ್ ರಾಯಲ್ ಎಂಬ ಹಿರಿಯ ಸರ್ಜನ್, ಬೇರ್ಡ್ ಸ್ಮಿತ್ ಮತ್ತು ಸ್ಟ್ರಾಚಿ ಎಂಬ ಸೈನ್ಯದ ಎಂಜಿನಿಯರುಗಳು. 1851ರಲ್ಲಿ ವರದಿ ಮಂಡನೆಯಾಯಿತು. ಭಾರತದ ಬೇರೆ ಬೇರೆ ಸೀಮೆಗಳಲ್ಲಿ ಕಾಡು ಹೇಗೆ ಕರಗುತ್ತಿದೆ ಎಂದು ಅಲ್ಲಲ್ಲಿನ ಅಧಿಕಾರಿಗಳ ಬರಹಗಳಿಂದ ಕೂಡಿಸಿ ಹೇಳಿದ ಆ ವರದಿ, ಕಾಡು ನಾಶದ ಬಗ್ಗೆ ವಿಜ್ಞಾನಿಗಳು ಒಟ್ಟಾಗಿ ಕೊಟ್ಟ ಮೊದಮೊದಲ ಎಚ್ಚರಿಕೆಗಳಲ್ಲಿ ಒಂದು. ಹವಾಮಾನದ ಮಾತು ಈಗ ದಿನಪತ್ರಿಕೆಯ ಮೊದಲ ಪುಟದ ಸುದ್ದಿ. ನೂರೆಪ್ಪತ್ತು ವರ್ಷಗಳ ಹಿಂದೆ ಆ ಮಾತು ಆಡಿದವರ ಸಾಲಿನಲ್ಲಿ ಶಿವಮೊಗ್ಗೆಯ ಕಾಡು ಕಂಡುಬಂದವನೊಬ್ಬ ಇದ್ದನೆಂಬುದನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಬೇಕು.

ಅದೇ ವರ್ಷ ಲಂಡನ್ನಿನ ಮಹಾ ಪ್ರದರ್ಶನ. ಭಾರತದಿಂದ ಬಂದ ನಾರು, ಗೋಂದು, ಎಣ್ಣೆ, ಮರ, ಬಣ್ಣಗಳ ಪಟ್ಟಿ ಮಾಡುವ ಕೆಲಸದಲ್ಲೂ ಅವನು ಕೈ ಸೇರಿಸಿದ. ಅವನ ಇಡೀ ವೃತ್ತಿಯ ಎರಡು ಮುಖಗಳು ಆ ಒಂದೇ ವರ್ಷದಲ್ಲಿ ಅಕ್ಕಪಕ್ಕ ಕಾಣುತ್ತವೆ: ಕಾಡು ಹಾಳಾಗುತ್ತಿದೆ ಎಂದು ಬರೆದ ಕೈಯೇ ಕಾಡಿನಿಂದ ಏನೇನು ತೆಗೆಯಬಹುದು ಎಂದೂ ಪಟ್ಟಿ ಮಾಡಿತು. ಅವನಿಗೆ ಇವೆರಡರ ನಡುವೆ ಜಗಳ ಕಂಡಿರಲಾರದು. ಕಾಡು ಉಳಿಯಬೇಕಾದದ್ದೇ ಮುಂದೆಯೂ ತೆಗೆಯಲು ಸಿಗಲಿ ಎಂದು.

1852ರಲ್ಲಿ ಮದ್ರಾಸಿಗೆ ಮರಳಿ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮತ್ತು ಔಷಧದ್ರವ್ಯಗಳ ಪ್ರಾಧ್ಯಾಪಕನಾದ. ಕೃಷಿ-ತೋಟಗಾರಿಕೆ ಸಂಘದ ತೋಟವನ್ನು ಬೆಳೆಸಿ ಅಲ್ಲಿನ ಗಿಡಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿದ. ಬೆಂಗಳೂರಿಗರು ನೆನೆಯಬೇಕಾದ ಸಂಗತಿಯೊಂದು ಈ ವರ್ಷಗಳದ್ದೇ. ಲಾಲ್‌ಬಾಗನ್ನು ಏನು ಮಾಡುವುದೆಂದು ಕಮಿಷನರ್ ಕಬ್ಬನ್ ಅವನ ಸಲಹೆ ಕೇಳಿದ. ಅದನ್ನು ವ್ಯಾಪಾರದ ತೋಟ ಮಾಡಬಾರದು, ನಾಡಿನ ಗಿಡಗಳ ಬಳಕೆ ಹೆಚ್ಚಿಸಲು, ಹೊರಗಿನ ಗಿಡಗಳನ್ನು ಒಗ್ಗಿಸಲು, ಮದ್ರಾಸ್, ಕಲ್ಕತ್ತೆ, ಊಟಿಯ ತೋಟಗಳ ಜೊತೆ ಬೀಜ ವಿನಿಮಯಕ್ಕೆ ಬಳಸಬೇಕು ಎಂಬುದು ಕ್ಲೆಗ್‌ಹಾರ್ನನ ಅಭಿಪ್ರಾಯ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ತೋಟವಾಯಿತು; ಕ್ಯೂ ಉದ್ಯಾನದ ಶಿಫಾರಸಿನಿಂದ ವಿಲಿಯಂ ನ್ಯೂ ಎಂಬ ತೋಟಗಾರ ಬಂದ. ಆಗಲೇ ಯಾರಾದರೂ ಬೇರೆ ಸಲಹೆ ಕೊಟ್ಟಿದ್ದರೆ ಅದು ತರಕಾರಿ, ಹಣ್ಣು ಮಾರುವ ತೋಟವಾಗಿ ಉಳಿದುಬಿಡಬಹುದಿತ್ತು.

ಇನ್ನು ಕಾಡಿನ ಹುದ್ದೆ. ಮದ್ರಾಸಿಗೆ ಇದು ಪೂರ್ತಿ ಹೊಸತೇನೂ ಅಲ್ಲ. 1806ರಲ್ಲಿ ಮಲಬಾರ್ ಮತ್ತು ಕನ್ನಡ ತೀರದ ತೇಗವನ್ನು ನೌಕಾಪಡೆಗೆ ಒದಗಿಸಲು ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ನೇಮಿಸಿದ್ದರು. ಅವನು ಖಾಸಗಿ ಮರಗಳ ಮೇಲೂ ಹಕ್ಕು ಚಲಾಯಿಸಿ ಜನ, ವ್ಯಾಪಾರಿಗಳೆಲ್ಲರ ಸಿಟ್ಟಿಗೆ ಗುರಿಯಾದ. 1823ರಲ್ಲಿ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದ್ದ. ಅದು ಮತ್ತೆ ಜೀವ ಪಡೆದಾಗ ಕ್ಲೆಗ್‌ಹಾರ್ನನ ವಶಕ್ಕೆ ಬಂದ ಸೀಮೆ ದೊಡ್ಡದು. ಉತ್ತರ ಕನ್ನಡವೂ ಆಗ ಮದ್ರಾಸಿಗೇ ಸೇರಿತ್ತು. ಸೂಪಾ, ದಾಂಡೇಲಿ, ಯಲ್ಲಾಪುರದ ತೇಗದ ಕಾಡುಗಳಿಂದ ಆನೆಮಲೆ, ನೀಲಗಿರಿಗಳವರೆಗೆ ಅವನು ಸುತ್ತಿದ. ಕುದುರೆ, ಪಲ್ಲಕ್ಕಿ, ದೋಣಿ, ಕಾಲ್ನಡಿಗೆ. ದಾಂಡೇಲಿಯ ಕಡೆ ಕಡಿದ ನಾಟಾ ಕಾಳಿ ಹೊಳೆಗೆ ಬಿದ್ದು ತೇಲಿ ಸದಾಶಿವಗಡದ ಕಡಲಿಗೆ ಬರುತ್ತಿತ್ತು, ಅಲ್ಲಿಂದ ಹಡಗಿನಲ್ಲಿ ಬೊಂಬಾಯಿಗೆ. ಬಂದರಿನವರು ಪೂನ್ ಎಂದು ಕರೆಯುತ್ತಿದ್ದ ನೀಳ ಮರಗಳು ಹಡಗಿನ ಪಟಸ್ತಂಭಕ್ಕೆ ಹೋಗುತ್ತಿದ್ದವು. ನಿಲಂಬೂರಿನಲ್ಲಿ ಕಲೆಕ್ಟರ್ ಕಾನಲಿ ಹಾಕಿಸಿದ ತೇಗದ ತೋಪು ಅವನಿಗೆ ಬಹಳ ಹಿಡಿಸಿತು. ಬೀಜ ಮೊಳೆಯದೆ ಸೋತಿದ್ದ ಆ ಕೆಲಸವನ್ನು ಚಾತು ಮೆನನ್ ಎಂಬ ಸ್ಥಳೀಯ ಅಧಿಕಾರಿ ತನ್ನ ದುಡಿಮೆಯಿಂದ ಗೆಲ್ಲಿಸಿದ್ದ. ಇಡೀ ಬೆಟ್ಟಕ್ಕೆ ಒಂದೇ ಜಾತಿಯ ಮರ ಸಾಲು ಹಿಡಿದು ನೆಡುವ ಪದ್ಧತಿ ದಕ್ಷಿಣದಲ್ಲಿ ಬೇರು ಬಿಟ್ಟದ್ದು ಅಲ್ಲಿಂದ.

ಈಗ ರೈಲಿನ ಲೆಕ್ಕ. ಹಳಿಯ ಕೆಳಗೆ ಮೂರಡಿಗೊಂದರಂತೆ ಮರದ ಸ್ಲೀಪರ್ ಹಾಸಿದರೂ ಒಂದು ಮೈಲಿಗೆ 1,760 ಬೇಕು. ನಮ್ಮ ಬಿಸಿಲು, ಮಳೆ, ಗೆದ್ದಲಿಗೆ ಒಳ್ಳೆಯ ಮರವೂ ಎಂಟು ವರ್ಷದ ಮೇಲೆ ತಾಳುವುದು ಕಷ್ಟ. ಅಂದರೆ ಹಾಸಿ ಮುಗಿಸಿದ ಮೇಲೂ ಬದಲಿಸುತ್ತಲೇ ಇರಬೇಕು. ಮದ್ರಾಸ್ ಸೀಮೆಯ ರೈಲಿಗೆ ವರ್ಷಕ್ಕೆ ಎರಡೂವರೆ ಲಕ್ಷ ಸ್ಲೀಪರ್, ಅದಕ್ಕೆ ಸುಮಾರು 35,000 ಮರ ಬೇಕು ಎಂದು 1860ರ ಹೊತ್ತಿಗೆ ಲೆಕ್ಕ ಹಾಕಿದವನು ಕ್ಲೆಗ್‌ಹಾರ್ನನೇ. ಎಂಜಿನ್ನಿಗೆ ಉರಿಸುವ ಸೌದೆ ಇದರಾಚೆ. ಗುತ್ತಿಗೆದಾರರು ಎಳೆಯ ಮರ ಬಲಿತ ಮರ ನೋಡದೆ ಕಡಿಯುವುದು, ಕಡಿದದ್ದನ್ನು ಸಾಗಿಸದೆ ಕೊಳೆಯಲು ಬಿಡುವುದು ಅವನನ್ನು ಕಾಡಿತು. ಪರವಾನಗಿಯಿಲ್ಲದೆ ಕಡಿಯಬಾರದು, ಬೆಲೆಬಾಳುವ ಜಾತಿಗಳು ಸರ್ಕಾರಕ್ಕೇ ಮೀಸಲು, ರೈಲು ಹಾದಿಯ ಹತ್ತಿರ ಸೌದೆಗೆಂದೇ ತೋಪು ಬೆಳೆಸಬೇಕು ಎಂದು ವ್ಯವಸ್ಥೆ ಕಟ್ಟತೊಡಗಿದ.

ಮಲೆಯಲ್ಲಿ ಎರಡು ಕೊಡಲಿಗಳ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಒಂದು ರೈಲಿನದು, ಹಡಗಿನದು. ಇನ್ನೊಂದು ಕುಮರಿಯವನದು. ಎರಡನ್ನೂ ಬರೆದಿಟ್ಟ. ರೈಲಿನ ಕೊಡಲಿಗೆ ಅವನು ಲೆಕ್ಕ ಕೊಟ್ಟ, ಶಿಸ್ತು ಕೊಟ್ಟ, ಬೇರೆ ಮರಗಳ ಹೆಸರು ಕೊಟ್ಟ. ಕುಮರಿಯ ಕೊಡಲಿಗೆ ಸಿಕ್ಕಿದ್ದು ನಿಷೇಧ. 1860ರಲ್ಲಿ ಮದ್ರಾಸ್ ಸರ್ಕಾರ, ಮೊದಲೇ ಅನುಮತಿ ಪಡೆಯದೆ ಸರ್ಕಾರಿ ಕಾಡಿನಲ್ಲಿ ಕುಮರಿ ಮಾಡಕೂಡದೆಂದು ಆದೇಶ ಹೊರಡಿಸಿತು. ವೈದ್ಯನೊಬ್ಬನ ರೋಗನಿದಾನ ಸರ್ಕಾರದ ಕೈಗೆ ಹೋದಾಗ ಏನಾಗುತ್ತದೆ ಎಂಬುದನ್ನು ಈ ಆದೇಶದಲ್ಲಿ ಓದಬಹುದು: ಎರಡು ಕಾರಣ ಹೇಳಿದ್ದರೂ ಚಿಕಿತ್ಸೆ ಬಿದ್ದದ್ದು ಎದುರು ಮಾತಾಡಲಾಗದವನ ಮೇಲೆ. ದಕ್ಷಿಣ ಕನ್ನಡದಲ್ಲಿ ವರ್ಗದಾರರ ಕುಮರಿ ಎಂಬ ಇನ್ನೊಂದು ಬಗೆಯಿತ್ತು. ಜಮೀನಿನ ಪಟ್ಟೆಯ ಜೊತೆಗೇ ಬೆಟ್ಟದ ಕುಮರಿಯ ಹಕ್ಕನ್ನೂ ಹೇಳುತ್ತಿದ್ದ ಉಳ್ಳವರು ವಕೀಲರನ್ನಿಟ್ಟು ವಾದಿಸಬಲ್ಲವರಾಗಿದ್ದರು. ಪಟ್ಟೆಯೇ ಇಲ್ಲದ ಕುಣಬಿ, ಮಲೆಕುಡಿಯರಿಗೆ ಹೋಗಲು ಕಚೇರಿಯೂ ಇರಲಿಲ್ಲ. ತಲತಲಾಂತರದಿಂದ ಮಾಡಿಕೊಂಡು ಬಂದ ಬೇಸಾಯ ಒಂದು ಕಾಗದದಿಂದ ಅಪರಾಧವಾಯಿತು.

ಕ್ಲೆಗ್‌ಹಾರ್ನನನ್ನು ಕ್ರೂರಿ ಎಂದು ಬರೆಯಲು ನನಗೆ ಮನಸ್ಸಿಲ್ಲ, ಅದಕ್ಕೆ ಆಧಾರವೂ ಇಲ್ಲ. ತನ್ನ ಕಾಲದ ಬಹುಪಾಲು ಅಧಿಕಾರಿಗಳಿಗಿಂತ ಹೆಚ್ಚು ನಡೆದವನು, ಹೆಚ್ಚು ನೋಡಿದವನು, ಮುಂದಿನ ತಲೆಮಾರಿನ ನೀರು ನೆರಳಿನ ಬಗ್ಗೆ ನಿಜವಾಗಿ ಯೋಚಿಸಿದವನು. ಅವನಿಲ್ಲದಿದ್ದರೆ ರೈಲು ಗುತ್ತಿಗೆದಾರರು ಸೂಪಾದ ಕಾಡನ್ನು ಇನ್ನೂ ಬೇಗ ತಿಂದು ಮುಗಿಸುತ್ತಿದ್ದರು. ಆದರೆ ಅವನ ಸಂಬಳ ಕೊಡುತ್ತಿದ್ದ ಸರ್ಕಾರಕ್ಕೇ ರೈಲು ಬೇಕಿತ್ತು. ಆ ಕೊಡಲಿಯನ್ನು ಇಳಿಸು ಎನ್ನುವ ಅಧಿಕಾರ ಅವನಿಗೆ ಇರಲಿಲ್ಲ. ಹಾಗಾಗಿ ಅವನು ಸದ್ದಿಲ್ಲದ ಕೊಡಲಿಯನ್ನೇ ದೊಡ್ಡದು ಮಾಡಿ ನೋಡಿದ. ಮರದ ಬಗ್ಗೆ ಅಷ್ಟು ತಾಳ್ಮೆಯಿಂದ ದಿನಕ್ಕೆ ಕಾಲು ಗಂಟೆ ಕೊಟ್ಟವನು, ಆ ಮರದಡಿ ಬದುಕಿದವರ ಬಳಿ ಕೂತು ಅವರ ಹನ್ನೆರಡು ವರ್ಷದ ಲೆಕ್ಕವನ್ನೂ ಅಷ್ಟೇ ತಾಳ್ಮೆಯಿಂದ ಬರೆದುಕೊಂಡಿದ್ದರೆ ನಮ್ಮ ಕಾಡಿನ ಕಾನೂನುಗಳ ಬುನಾದಿಯೇ ಬೇರೆಯಾಗುತ್ತಿತ್ತೇನೋ. ನನ್ನ ದೂರು ಅಷ್ಟೇ, ಆದರೆ ಅದು ಸಣ್ಣ ದೂರಲ್ಲ.

ಮುಂದಿನದು ಬೇಗ ಬೇಗ ನಡೆಯಿತು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಸೀಮೆಗೆ ಹೋಯಿತು. 1864ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಬಂತು. 1878ರ ಅರಣ್ಯ ಕಾಯ್ದೆ ಮೀಸಲು ಕಾಡಿನ ಗಡಿ ಎಳೆಯುವ ಅಧಿಕಾರವನ್ನು ಇಲಾಖೆಗೆ ಕೊಟ್ಟಿತು. ಕಾಡು ತಮ್ಮದೆಂದು ಉತ್ತರ ಕನ್ನಡದ ಭೂಹಿಡುವಳಿದಾರರು ಹೂಡಿದ ದೊಡ್ಡ ಮೊಕದ್ದಮೆಯಲ್ಲಿ 1879ರಲ್ಲಿ ಬಾಂಬೆ ಹೈಕೋರ್ಟ್ ಸರ್ಕಾರದ ಪರ ತೀರ್ಪು ಕೊಟ್ಟಿತು. ಸೊಪ್ಪು, ದರಗು, ಸೌದೆ ತರುವುದಕ್ಕೂ ಗಾರ್ಡಿನ ಮುಖ ನೋಡಬೇಕಾದ ದಿನಗಳು ಬಂದವು. 1930ರಲ್ಲಿ ಉತ್ತರ ಕನ್ನಡದಲ್ಲಿ ಜನ ಕಾಡು ಹೊಕ್ಕು ಮರ ಕಡಿದು ಅರಣ್ಯ ಸತ್ಯಾಗ್ರಹ ಮಾಡಿದಾಗ, ಗಾಂಧಿಯ ಕರೆಯ ಜೊತೆಗೆ ಈ ಎಪ್ಪತ್ತು ವರ್ಷಗಳ ನೋವೂ ಅಲ್ಲಿತ್ತು. ಜೋಯಿಡಾದ ಕುಣಬಿಗಳು ಹಿತ್ತಿಲಲ್ಲಿ ಬೆಳೆಯುವ ಬಗೆಬಗೆಯ ಗೆಡ್ಡೆಗೆಣಸುಗಳನ್ನು ನೋಡಲು ಈಗ ಪೇಟೆಯ ಜನ ಮೇಳಕ್ಕೆ ಹೋಗುತ್ತಾರೆ. ಇಷ್ಟು ತಳಿಗಳನ್ನು ಕಾಪಾಡಿದ ಕೈಗಳನ್ನೇ ಒಂದು ಕಾಲಕ್ಕೆ ಕಾಡಿನ ಶತ್ರು ಎಂದು ಬರೆದಿದ್ದರು.

1861ರಲ್ಲಿ ‘ದಿ ಫಾರೆಸ್ಟ್ಸ್ ಅಂಡ್ ಗಾರ್ಡನ್ಸ್ ಆಫ್ ಸೌತ್ ಇಂಡಿಯಾ’ ಎಂಬ ಪುಸ್ತಕದಲ್ಲಿ ಕ್ಲೆಗ್‌ಹಾರ್ನ್ ತನ್ನ ವರದಿಗಳನ್ನು, ಪ್ರವಾಸದ ಟಿಪ್ಪಣಿಗಳನ್ನು ಕೂಡಿಸಿ ಪ್ರಕಟಿಸಿದ. ಆಮೇಲೆ ಅವನನ್ನು ಪಂಜಾಬಿಗೆ ಕರೆದರು. ಸಟ್ಲೆಜ್, ಚೀನಾಬ್, ರಾವಿ ನದಿಗಳ ಮೇಲ್ಕಣಿವೆಗಳ ದೇವದಾರು ಕಾಡುಗಳನ್ನು ಅಳೆದು 1864ರಲ್ಲಿ ದೊಡ್ಡ ವರದಿ ಕೊಟ್ಟ. ಅದೇ ವರ್ಷ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. ಬ್ರಾಂಡಿಸ್ ರಜೆಯಲ್ಲಿದ್ದಾಗ ಆ ಕೆಲಸವನ್ನು ನೋಡಿಕೊಂಡವನೂ ಕ್ಲೆಗ್‌ಹಾರ್ನನೇ. ಅರಣ್ಯಶಾಸ್ತ್ರ ಕಲಿತವರು ಬಂದ ಮೇಲೆ ಕಾಡು ಕಾಯುವ ಸರ್ಜನ್‌ಗಳ ಕಾಲ ಮುಗಿಯಿತು. 1860ರ ದಶಕದ ಕೊನೆಗೆ ಅವನು ಸ್ಟ್ರಾವಿಥಿಗೆ ಮರಳಿದ. ಭಾರತದ ಅರಣ್ಯ ಸೇವೆಗೆ ಬರುವ ತರುಣರ ಆಯ್ಕೆಯಲ್ಲಿ ನೆರವಾದ, ಸ್ಕಾಟ್‌ಲೆಂಡಿನ ಮರ ಬೆಳೆಗಾರರ ಸಂಘಕ್ಕೆ ಅಧ್ಯಕ್ಷನಾದ, 1884ರಲ್ಲಿ ಎಡಿನ್‌ಬರೋದಲ್ಲಿ ನಡೆದ ಅಂತರರಾಷ್ಟ್ರೀಯ ಅರಣ್ಯ ಪ್ರದರ್ಶನಕ್ಕೆ ದುಡಿದ. 1895ರ ಮೇ 16ರಂದು ತೀರಿಕೊಂಡ.

ಅವನ ಸಂಗ್ರಹ, ಸುಮಾರು 3,000 ಸಸ್ಯಚಿತ್ರಗಳು, ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿವೆ. ಅಲ್ಲಿ ಸಸ್ಯವಿಜ್ಞಾನಿಯಾಗಿದ್ದ ಹೆನ್ರಿ ನೋಲ್ಟಿ ವರ್ಷಗಟ್ಟಲೆ ಕೂತು ಅವನ್ನು ಅಭ್ಯಾಸ ಮಾಡಿ, ಕ್ಲೆಗ್‌ಹಾರ್ನನ ಬದುಕಿನ ಬಗ್ಗೆ 2016ರಲ್ಲಿ ಪುಸ್ತಕ ತಂದಿದ್ದಾರೆ. ಶಿವಮೊಗ್ಗೆಯ ಮರಾಠಿ ಚಿತ್ರಕಾರ ಬರೆದ ಹಾಳೆಗಳೂ ಆ ಕಪಾಟುಗಳಲ್ಲೇ ಇವೆ. ಶರಾವತಿಗೆ ಲಿಂಗನಮಕ್ಕಿ ಕಟ್ಟುವ ನೂರಕ್ಕೂ ಹೆಚ್ಚು ವರ್ಷ ಮುಂಚೆ, ಅಕೇಶಿಯಾ ನೆಡುತೋಪುಗಳು ಬೆಟ್ಟ ಏರುವ ಎಷ್ಟೋ ಮುಂಚೆ ಮಲೆನಾಡಿನಲ್ಲಿ ಬೆಳೆದಿದ್ದ ಗಿಡಗಳ ಚಿತ್ರಗಳು ಅವು. ಅವುಗಳ ಒಳ್ಳೆಯ ಪ್ರತಿಗಳನ್ನು ತರಿಸಿ ಕುವೆಂಪು ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗೆಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲೋ ಇಡಬೇಕು. ಸಾಗರ, ಹೊಸನಗರದ ನಾಟಿ ವೈದ್ಯರನ್ನೂ ಕಾಡುತ್ಪತ್ತಿ ತರುವ ಹೆಂಗಸರನ್ನೂ ಕರೆಸಿ ಒಂದೊಂದು ಹಾಳೆಯನ್ನು ತೋರಿಸಿ, ಈ ಗಿಡಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ, ಈಗಲೂ ಎಲ್ಲಿ ಸಿಗುತ್ತದೆ, ಯಾವುದಕ್ಕೆ ಬಳಸುತ್ತೀರಿ ಎಂದು ಕೇಳಿ ಬರೆದುಕೊಳ್ಳಬೇಕು. ಎಡಿನ್‌ಬರೋದ ತೋಟದವರಿಗೆ ಒಂದು ಪತ್ರ ಬರೆದರೆ ಈ ಕೆಲಸ ಶುರುವಾಗುತ್ತದೆ.